ಡಿಗ್ರಿ

ಜತ್ತ ತಾಲೂಕಿನ ನಮ್ಮೂರಾಗ ಮೊದಲ ದಿನ
ಏಳು ಚರಿಗಿ, ಹನ್ನೊಂದು ಲೀಟರ.
ಬೋರ್ಡು ಮರಾಠಿ, ಜಗಳ ಕನ್ನಡ.

ಹತ್ತು ವರ್ಷಕ್ಕ ನಾಕುನೂರು ಲೀಟರ.
ದೀಪಾವಳಿ ಬೋನಸ್ಸು ಮನಿಗೊಂದು ಸ್ಟೀಲಿನ ಬಕೇಟು,
ಅಂಚಿಗೆ ಸಂಘದ ಹೆಸರು ಕೊರದದ್ದು.
ಅವ್ವ ಅದರಾಗ ನೀರು ತುಂಬಲಿಲ್ಲ,
ಶೇರಿನ ಕಾಗದ ಇಟ್ಟಳು.

ಆಮ್ಯಾಲೆ ಉಮದಿ ಕಡಿಂದ ಟೆಂಪೋ ಬಂತು.
ಲೀಟರಿಗೆ ಎರಡು ರೂಪಾಯಿ ಹೆಚ್ಚು, ಕೈಯಾಗ ರೊಕ್ಕ.
ಗಟ್ಟಿ ಹಾಲು ಅವನಿಗೆ,
ಚರಿಗಿ ತೊಳದದ್ದು ನಮಗ.

ಟೆಸ್ಟರು ನಾನು. ಗಾಜಿನ ಕೊಳವಿ ಇಳಿಬಿಟ್ಟೆ:
ಇಪ್ಪತ್ಮೂರು.
ತಲಿ ಎತ್ತಿದರ ಎದುರಿಗೆ ಅವ್ವ,
ಸೆರಗಿನಾಗ ಕೈ ಒರಸಿಕೋತ.
ಇಪ್ಪತ್ತೆಂಟು ಅಂತ ಬರದೆ.

ಅವತ್ತಿನಿಂದ ಯಾರ ಹೆಸರಿನ ಮುಂದೂ
ಇಪ್ಪತ್ಮೂರು ಬರಿಯೂದು ಆಗಲಿಲ್ಲ.

ಚೇರಮನ್ ಅಮಗೊಂಡ ತಿಂದ ಅಂತಾರ. ತಿಂದಾನ, ಖರೆ.
ಸಾಂಗಲಿಯಿಂದ ಕ್ಯಾನು ತಿರುಗಿ ಬಂದಾವ
ವಾರಕ್ಕ ಮೂರು ಸಲ. ಅದೂ ಖರೆ.

ಕೀಲಿ ಬಿದ್ದ ದಿನ ಕೊಳವಿ
ಕಿಸೇದಾಗ ಇಟಗೊಂಡು ಬಂದೆ.
ಬಕೇಟಿನಾಗ ಈಗ ನೀರು ತುಂಬತಾಳ ಅವ್ವ.
ಆಕಿ ಮಲಗಿದ ಮ್ಯಾಲೆ ಒಮ್ಮೊಮ್ಮೆ
ಅದರಾಗ ಬಿಟ್ಟು ನೋಡತೀನಿ:
ಸೊನ್ನಿ ತನಕ ಇಳೀತದ,
ಅಲ್ಲೇ ನಿಲ್ಲತದ.