ಗುಂಡಿ ಅಂಗಡಿಯ ಏಣಿ

ಮೊಂಟೆವಿಡಿಯೋದ ಹಳೇಪೇಟೆಯಲ್ಲಿ
ಮನೆಗಳ ಸೂರು ಬಲು ಎತ್ತರ. ಕಟ್ಟಿಸಿದವರಿಗೆ
ಸೆಕೆಯ ಭಯವಿತ್ತೋ, ಉದ್ದ ಟೋಪಿಯ ಜಂಬವಿತ್ತೋ,
ಎತೆಲ್ವಿನಾ ಬೆರ್ರುತಿ ಮಾತ್ರ ಆ ಎತ್ತರವನ್ನೆಲ್ಲ
ಪುಸ್ತಕ ಪೇರಿಸಿ ಮುಗಿಸಿಬಿಟ್ಟಿದ್ದಳು.
ನಲವತ್ತು ವರ್ಷ ಪತ್ರಿಕೆಯ ಕರಡು ತಿದ್ದಿದವಳು,
ಈಗ ಎಡಮಂಡಿ ಹೇಳಿದ ಮಾತು ಕೇಳುವುದಿಲ್ಲ.

'ಚಕ್ರದ ಏಣಿ ಬೇಕು,' ಅಂದಳು.
'ಹೊಸದು ಬೇಡ. ಹೊಸದಕ್ಕೆ
ಮನುಷ್ಯರ ಭಾರ ಗೊತ್ತಿರುವುದಿಲ್ಲ.'

ನಾನು ಬಡಗಿ. ಹೊಸದು ಮಾಡಿಯೇ ಹೊಟ್ಟೆ ಹೊರೆಯುವವನು.
ಆದರೂ ಹುಡುಕಿದೆ.
ಔಷಧದಂಗಡಿಯಲ್ಲೊಂದಿತ್ತು, ಮಾಲೀಕ
ಅದಕ್ಕೆ ಹೂಕುಂಡ ಏರಿಸಿ ಅಲಂಕಾರ ಅನ್ನುತ್ತಿದ್ದ.
ಭಾನುವಾರದ ಸಂತೆಯಲ್ಲಿ ಇನ್ನೊಂದು,
ಮುಕ್ಕಾಲು ಪಾಲು ಗೆದ್ದಲಿಗೆ ಸಂದಿತ್ತು.
ಬೂಟಿನಂಗಡಿಯದು ಹೋದ ಚಳಿಗಾಲ
ಮಾಂಸ ಸುಡುವ ಒಲೆಗೆ ಹೋಯಿತಂತೆ.
'ಒಳ್ಳೆ ಕೆಂಡ ಬಂತು,' ಅಂದರು, ಸಂಕೋಚವೇ ಇಲ್ಲದೆ.

ಕೊನೆಗೆ ಸಿಕ್ಕಿದ್ದು
ಒಲೆಗಾರಿಯೊ ಜುನೀನೊನ ಗುಂಡಿ ಅಂಗಡಿಯಲ್ಲಿ.
ತಿಂಗಳ ಕೊನೆಗೆ ಮುಚ್ಚುತ್ತೇವೆಂದು ಬಾಗಿಲಿಗೆ ಚೀಟಿ.
ಒಳಗೆ ಗೋಡೆ ತುಂಬ ಬೆರಳಗಲದ ಡ್ರಾಯರು,
ಒಂದೊಂದರ ಮೂಗಿಗೂ ಒಂದೊಂದು ಗುಂಡಿ ನತ್ತು:
ಚಿಪ್ಪಿನದು, ಕೊಂಬಿನದು,
ಎಂದೋ ಚದುರಿದ ಬ್ಯಾಂಡಿನವರ ಹಿತ್ತಾಳೆಯದು.

ಎಷ್ಟಕ್ಕೆ ಕೊಡುತ್ತೀರಿ ಅಂದೆ.
ಅವನು ಮೂರನೇ ಮೆಟ್ಟಿಲು ಮುಟ್ಟಿ ತೋರಿಸಿದ,
ನಡುವೆ ದೋಣಿಯ ಹಾಗೆ ಸವೆದಿತ್ತು.
'ಅಪ್ಪ ನಿಲ್ಲುತ್ತಿದ್ದದ್ದು ಇಲ್ಲಿ. ನಾನೂ ಇಲ್ಲೇ.
ಖರ್ಚಾಗುವ ಮಾಲೆಲ್ಲ ಮೂರನೇ ಮೆಟ್ಟಿಲಿಗೆ ಎಟುಕುತ್ತದೆ.
ಮೇಲಿನದನ್ನು ಯಾರೂ ಕೇಳಲಿಲ್ಲ.'
ತಲೆಯೆತ್ತಿ ನೋಡಿದೆ. ಮೇಲಿನ ನಾಲ್ಕು ಮೆಟ್ಟಿಲಿಗೆ
ವಾರ್ನಿಷು ಇನ್ನೂ ಮಾಸಿರಲಿಲ್ಲ,
ಮದುಮಗನ ಬೂಟಿನ ಹಾಗೆ.

ಹತ್ತಿದ ಮೇಲೆ ಏಣಿ ಒದ್ದವರನ್ನು ಕಂಡಿದ್ದೇನೆ.
ಮಾರುವ ಮೊದಲು ಏಣಿಯ ಬೆನ್ನು ಸವರಿ
ಬೇರೆ ಕಡೆ ಮುಖ ತಿರುಗಿಸಿದವನನ್ನು ಕಂಡದ್ದು ಅಂದೇ.

ಎತೆಲ್ವಿನಾಳ ಕೋಣೆಯಲ್ಲಿ ರಸಮಟ್ಟ ಇಟ್ಟರೆ
ಗುಳ್ಳೆ ಒಂದು ತುದಿಗೆ ಓಡಿ ಕೂತಿತು.
ನೂರು ವರ್ಷದ ನೆಲ, ಕಿಟಕಿಯತ್ತ ವಾಲಿತ್ತು,
ಕಿಟಕಿಯಾಚೆ ಸಮುದ್ರವೆಂದು ಬೀಗುವ ನದಿ.
ಕಂಬಿ ಜೋಡಿಸಿ ಕೊಕ್ಕೆ ಸಿಕ್ಕಿಸಿ ಕೈಬಿಟ್ಟೆ.
ಏಣಿ ಯಾರನ್ನೂ ಕೇಳದೆ,
ನಿಘಂಟು ದಾಟಿ, ಭೂಗೋಳ ದಾಟಿ,
ಕಿಟಕಿಗೆ ಹೋಗಿ ಢಿಕ್ಕಿ ಹೊಡೆಯಿತು.
'ತಡೆ ಹಾಕುತ್ತೇನೆ,' ಅಂದೆ. ನಾಚಿಕೆಯಾಗಿತ್ತು.
'ಬೇಡ,' ಅಂದಳು. 'ಮನೆಯಲ್ಲಿ ನನ್ನ ಬಿಟ್ಟು
ಇನ್ನೊಂದಾದರೂ ಓಡಾಡಲಿ.'

ಜುಲೈಯ ಚಳಿಯಲ್ಲಿ ಬಾಕಿ ಹಣಕ್ಕೆ ಹೋದೆ.
ಎರಡನೇ ಮೆಟ್ಟಿಲ ಮೇಲೆ ಕೂತಿದ್ದಳು,
ಬೆನ್ನಿಗೆ ದಿಂಬು, ಮೂರನೇ ಮೆಟ್ಟಿಲಿನ ದೋಣಿಯೊಳಗೆ
ಮಾತೆಯ ಬುರುಡೆ, ಅಲುಗದೆ, ಅಳತೆ ತೆಗೆದ ಹಾಗೆ.
ಎತ್ತರಕ್ಕೆಂದು ತಂದದ್ದು ಕುರ್ಚಿಯಾಗಿತ್ತು.
'ಮೇಲೆ ಹೋದಿರಾ?' ಅಂದರೆ ನಕ್ಕಳು.
'ಮಂಡಿ ಒಪ್ಪಬೇಕಲ್ಲ. ನೀನೇ ಹತ್ತು.
ತುದಿಯ ಸಾಲಿನಲ್ಲಿ ನೀಲಿ ಬೆನ್ನಿನದೊಂದಿದೆ, ತೆಳ್ಳಗಿನದು.'

ಹತ್ತಿದೆ.
ನಾಲ್ಕನೆಯದರಿಂದಾಚೆ ಮರ ಕಿರುಗುಟ್ಟಿತು,
ಮೊದಲ ಸಲ ಮಾತಾಡಿಸಿದಂತೆ.
ಮೇಲಿದ್ದವೆಲ್ಲ ನೀಲಿ ಬೆನ್ನಿನವೇ, ಎಲ್ಲವೂ ತೆಳ್ಳಗೆ.
ಒಂದನ್ನು ಬಿಡಿಸಿದೆ. ಅಚ್ಚಾದ ಪುಟದ ಅಂಚಿನಲ್ಲೂ
ಅವಳ ಕೆಂಪು ಪೆನ್ಸಿಲು: ಇಲ್ಲೊಂದು ಅಲ್ಪವಿರಾಮ,
ಅಲ್ಲಿ 'ಹೀಗಲ್ಲ', ಇನ್ನೊಂದು ಕಡೆ ಬರೀ 'ಅಯ್ಯೋ'.
ಯಾವುದಕ್ಕೆ ಅಯ್ಯೋ ಅಂದಳೆಂದು
ಆ ಸಾಲು ಓದಿದೆ. ಅದರ ಹಿಂದಿನದನ್ನು.
ಆಮೇಲೆ ಮೊದಲಿನಿಂದ.

'ಸಿಕ್ಕಿತಾ?' ಕೆಳಗಿನಿಂದ ದನಿ.
ಹಾಳೆ ತಿರುವಿದೆ.
ಏಣಿ ಮೆಲ್ಲನೆ
ನದಿಯ ಕಡೆಗೆ ಹೊರಟಿತ್ತು.