ಏಳನೇ ಕಾಲಂ

ಆರು ಕಾಲಂ ತುಂಬಿಯಾಯಿತು.
ಹೆಸರು ಶಶಿರೇಖಾ ಕೆ. ಎಂ., ಊರು ಕೀಲಾರ,
ವಯಸ್ಸು ಮೂವತ್ತಾರು. ಬರೆದು, ಒಮ್ಮೆ ನೋಡಿ, ಹಾಗೇ ಬಿಟ್ಟೆ.
ಉದ್ಯೋಗ: ಅತಿಥಿ ಉಪನ್ಯಾಸಕಿ, ಭೌತಶಾಸ್ತ್ರ, ಮಂಡ್ಯ.
(ಒಂಬತ್ತು ವರ್ಷದಿಂದ ಅತಿಥಿ.
ಮನೆಯವರು ಇನ್ನೂ ಕೂರಿ ಅಂದಿಲ್ಲ.)

ಏಳನೆಯದು ಕೇಳುತ್ತದೆ:
ಸಂಶೋಧನೆಗೆ ಬಾಹ್ಯಾಕಾಶ ಹವಾಮಾನವನ್ನೇ ಏಕೆ ಆರಿಸಿಕೊಂಡಿರಿ?
ಇನ್ನೂರೈವತ್ತು ಪದ ಮೀರದಂತೆ.

ಕಳೆದ ಮಾರ್ಚಿನಲ್ಲಿ, ರಾತ್ರಿ ಎಂಟೂ ಮುಕ್ಕಾಲಿಗೆ
ನಾಲೆ ಏರಿ ಮೇಲೆ ಸ್ಕೂಟರ್ ನಿಲ್ಲಿಸಿದ್ದೆ.
ಫೋನಿನ ನಕ್ಷೆಯಲ್ಲಿ ನನ್ನ ನೀಲಿ ಚುಕ್ಕಿ
ಮೆಲ್ಲಗೆ ಏರಿ ಇಳಿದು ನೀರಿಗೆ ನಡೆಯಿತು,
ಆಚೆ ದಡದ ಗದ್ದೆಯಲ್ಲಿ ತುಸು ನಿಂತು
ವಾಪಸ್ಸು ಬಂತು, ಒದ್ದೆಯಾಗದೆ.

ನಾನು ಕದಲಿರಲಿಲ್ಲ.
ಮರ ಅಡ್ಡ ಬಂತೋ, ಫೋನು ಅಗ್ಗದ್ದೋ,
ಇಲ್ಲಾ ಮುನ್ನೂರು ಕಿಲೋಮೀಟರು ಮೇಲೆ
ಏನೋ ಕುದಿಯುತ್ತಿತ್ತೋ.
ಅಂದಿನಿಂದ ಬರೆದಿಟ್ಟಿದ್ದೇನೆ: ನೂರಾ ಹನ್ನೊಂದು ಸಂಜೆ,
ಎರಡು ನೋಟ್‌ಬುಕ್ಕು, ಹಾಲಿನ ಲೆಕ್ಕದ ಚೀಟಿಯ ಹಿಂಬದಿ.

ಕುದಿ ಅಂದೆ. ಅದು ಪಠ್ಯದ ಮಾತಲ್ಲ.
ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ ಕೆಂಚಣ್ಣ,
ಕೊಪ್ಪರಿಗೆಯ ನೊರೆಗೆ ಬಾಯಿಬಿಟ್ಟು ನಿಂತ ನನಗೆ:
"ಮ್ಯಾಲೇನ್ ನೋಡೀಯೆ? ಗುಳ್ಳೆ ಉಟ್ಟಾದು ತಳದಲ್ಲಿ ಕಣವ್ವ."

ಹೊತ್ತು ಮುಳುಗಿದ ಮೇಲೆ ಆಕಾಶಕ್ಕೂ ಒಂದು ತಳ.
ಬಿಸಿಲು ಕಟ್ಟಿದ ವಿದ್ಯುತ್ಕಣಗಳ ಪದರ
ಕೆಳಗಿನಿಂದ ಸವೆದು, ಮೇಲೆ ದಟ್ಟವಾಗೇ ಉಳಿದು
ತೂಕ ತಪ್ಪುತ್ತದೆ.
ಆಗೊಂದು ಗುಳ್ಳೆ, ಜಿಲ್ಲೆಯಷ್ಟು ಅಗಲದ್ದು, ಸದ್ದಿಲ್ಲದೆ
ಮೇಲೇಳುತ್ತದೆ. ಅದನ್ನು ಹಾದು ಬರುವ ಉಪಗ್ರಹದ ದನಿ ನಡುಗುತ್ತದೆ,
ಒಲೆಯ ಝಳದಾಚೆ
ಕೆಂಚಣ್ಣನ ಮುಖ ನಡುಗುತ್ತಿದ್ದ ಹಾಗೆ.

ಯಾವ ಸಂಜೆ ಏಳುತ್ತದೆ, ಯಾವ ಸಂಜೆ ಇಲ್ಲ?
ಸೂರ್ಯನನ್ನು ಬಲ್ಲವರೂ ಇಲ್ಲಿ ತಡವರಿಸುತ್ತಾರೆ.
ಕೆಂಚಣ್ಣ ಹೇಳುತ್ತಿದ್ದ. ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು,
ಬೆರಳಲ್ಲಿ ಉಂಡೆ ಕಟ್ಟಿ: "ಇನ್ನೊಂದ್ ಗಳಿಗೆ."
ತಪ್ಪಿದ್ದು, ನಾನು ಕಂಡಂತೆ, ಎರಡೇ ಸಲ.

ನನಗೆ ಬೇಕಾದ್ದು ಆ ತಣ್ಣೀರ ಬಟ್ಟಲು.
ನಿಮ್ಮ ತಾರಸಿ ಮೇಲೆ ಒಂದು ಆಂಟೆನಾ ಇಡುವಷ್ಟು ಜಾಗ,
ಐದು ವರ್ಷದ ಸಂಜೆಗಳು.

ಕರೆದರೆ ರೈಲು ಹಿಡಿದು ಮೈಸೂರಿಗೆ ಬರುತ್ತೇನೆ.
ಸಂದರ್ಶನ ಕತ್ತಲಾದ ಮೇಲಿಟ್ಟರೆ ಒಳ್ಳೆಯದು;
ಬೆಳಿಗ್ಗೆ ಆಕಾಶ ಏನನ್ನೂ ಒಪ್ಪಿಕೊಳ್ಳುವುದಿಲ್ಲ.

ಎಣಿಸಿದೆ. ಎರಡು ಪದ ಹೆಚ್ಚಾಗಿದೆ.
ಕೆಂಚಣ್ಣ ಇರಲಿ.
ಕೊನೆಯಲ್ಲಿದ್ದ 'ತಮ್ಮ ವಿಧೇಯಳು' ತೆಗೆದೆ.