ಅಕ್ಷರಗಳಲ್ಲಿ

ಒಂಬತ್ತನೇ ಕಲಮಿನ ಮುಂದೆ ಪೆನ್ನು ನಿಂತಿದೆ.
ಆದ ನಷ್ಟ: ಅಂಕಿಗಳಲ್ಲಿ. ಅಕ್ಷರಗಳಲ್ಲಿ.

ಅಂಕಿ ನನಗೆ ಬಾಯಿಪಾಠ.
ಎಂಬತ್ತಮೂರು ಸಾವಿರದ ನಾನೂರ ಅರವತ್ತು.
ಕಟಕಟೆಯಲ್ಲಿ ನಿಲ್ಲಿಸಿ ಓದಿದರು, ಪೇಪರಿನವರು ಬರೆದರು,
ಓಣಿಯ ಹುಡುಗರು ನನ್ನ ಬೆನ್ನಿಗೆ ಕೂಗಿದರು.
ಅಷ್ಟು ದುಡ್ಡು ಒಟ್ಟಿಗೆ ಕಂಡವಳೇ ಅಲ್ಲ ನಾನು.
ಕಂಡದ್ದೆಲ್ಲ ಹತ್ತು, ಇಪ್ಪತ್ತು,
ಮೀನಿನವಳ ಕೈಯಿಂದ ಬಂದರೆ ಒದ್ದೆ,
ಅಕ್ಕಿ ಗಿರಣಿ ಹಮಾಲರಿಂದ ಬಂದರೆ ತೌಡಿನ ವಾಸನೆ.

ಗಂಗಾವತಿಯ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಹನ್ನೆರಡು ವರ್ಷ
ಪಿಗ್ಮಿ ಖಾಜಾಬನಿ ನಾನು.
ಹೆಗಲಿಗೆ ಚೀಲ, ಕೈಯಲ್ಲಿ ನೋಟುಪುಸ್ತಕ,
ಆಮೇಲೆ ಸೊಸೈಟಿಯವರು ಕೊಟ್ಟ ಮಷಿನ್ನು,
ಅಂಗೈಯಷ್ಟಗಲ, ನಾಲಗೆ ಚಾಚಿದಂತೆ ಚೀಟಿ.
ಮಾರ್ಕೆಟ್ಟಿನ ತಗಡಿನ ಕೆಳಗೆ ಅದಕ್ಕೆ ಉಸಿರು ಸಿಗುತ್ತಿರಲಿಲ್ಲ.
ಗೆರೆಗಳು ಒಂದೊಂದೇ ಆರಿ, ಚಕ್ರ ತಿರುಗಿ ತಿರುಗಿ,
ಬಯಲಿಗೆ ಬಂದೊಡನೆ
ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿತ್ತಂತೆ:
ದುರುಗಮ್ಮನ ಇಪ್ಪತ್ತು, ದುರುಗಮ್ಮನ ಇಪ್ಪತ್ತು.
ನನ್ನ ಚೀಲದಲ್ಲಿ ಒಂದೇ ಇಪ್ಪತ್ತು.
ಇಷ್ಟನ್ನು ಒಪ್ಪಲು ಅವರಿಗೆ ಹನ್ನೊಂದು ವರ್ಷ ಹಿಡಿಯಿತು.

"ಮಷಿನ್ನಿಗೆ ಹೊಟ್ಟಿ ಇಲ್ಲ, ಅದ್ಯಾಕ ಕದೀತೈತಿ?"
ಅಂದಿದ್ದರು ಸರ್ಕಾರಿ ವಕೀಲರು. ಕೋರ್ಟೆಲ್ಲ ನಕ್ಕಿತ್ತು.
ನನಗೆ ಹೊಟ್ಟೆ ಇತ್ತು. ಅದೇ ಸಾಕ್ಷಿ.

ನೋಟುಪುಸ್ತಕ ತೋರಿಸಿದೆ: ದಿನಕ್ಕೊಂದು ಹಾಳೆ, ಹೆಸರಿಗೊಂದು ಗೀಟು.
ಕೈಬರಹ, ಯಾವಾಗ ಬೇಕಾದರೂ ಬರೆಯಬಹುದು ಅಂದರು.
ಮುದ್ದೆಮಾಲು ಎಂದು ನಂಬರು ಹಚ್ಚಿ, ಅರಗು ಒತ್ತಿ, ಒಳಗಿಟ್ಟರು.
ನನ್ನನ್ನೂ.

ಬಳ್ಳಾರಿ ಜೈಲಿನಲ್ಲಿ ಹದಿನಾಲ್ಕು ತಿಂಗಳು
ಏನು ಮಾಡಿದೆ ಅಂದರೆ, ಎಣಿಸಿದೆ.
ನನ್ನ ಮೇಲೆ ನನಗೇ ಸಂಶಯ ಬಂದಿತ್ತು.
ಇಷ್ಟು ಓದಿದವರು, ಇಷ್ಟೊಂದು ಕಾಗದ.
ನಿದ್ದೆಗಣ್ಣಲ್ಲಿ ಎಲ್ಲಾದರೂ ಬೀಳಿಸಿದೆನೆ, ಯಾರಿಗಾದರೂ ಕೊಟ್ಟೆನೆ?
ಮಗ್ಗುಲಲ್ಲಿ ಮಲಗಿದವಳು, ನಿಜವಾಗಿ ಕದ್ದವಳು, ಹೇಳಿದಳು:
"ಕದ್ದಾಕಿ ಹಿಂಗ ಲೆಕ್ಕ ಹಾಕಂಗಿಲ್ಲ ತಂಗಿ, ಮಕ್ಕೋ."
ಆ ಹದಿನಾಲ್ಕು ತಿಂಗಳಲ್ಲಿ ನನಗೆ ಸಿಕ್ಕ ತೀರ್ಪು ಅದೊಂದೇ.

ನಾವು ಏಳು ಮಂದಿ.
ಕಾರಟಗಿಯ ಕನಕರಾಯ ಕಡಿಮೆ ಬಿದ್ದ ಹಣ ಎರಡು ಸಲ ಕಟ್ಟಿದ,
ಒಮ್ಮೆ ಗಾಡಿ ಮಾರಿ, ಒಮ್ಮೆ ಹೆಂಡತಿಯ ಬೆಂಡೋಲೆ ಮಾರಿ.
ಖುಲಾಸೆಯ ದಿನ ಅವನ ಹೆಸರನ್ನೂ ಕೂಗಿದರು.
ಅವನು ಎಡದಂಡೆ ಕಾಲುವೆಯ ಕಡೆ ನಡೆದು ನಾಲ್ಕು ವರ್ಷವಾಗಿತ್ತು.
ಹೆಂಡತಿ ಎದ್ದು ನಿಂತು "ಹೂಂ" ಅಂದಳು.

ಈಗ ಅವಳು ನನ್ನ ಪಕ್ಕದ ಕುರ್ಚಿಯಲ್ಲಿ
ಗಾಜಿನ ಮೇಲೆ ಹೆಬ್ಬೆರಳು ಊರಿ ಕೂತಿದ್ದಾಳೆ.
ಭತ್ತದ ಸಸಿ ಹಚ್ಚಿ ಹಚ್ಚಿ ಸವೆದ ಬೆರಳು.
"ಹೊಂದವಲ್ದು. ಒರಿಸಿ ಮತ್ತ ಇಡ್ರಿ," ಅನ್ನುತ್ತಾನೆ ಹುಡುಗ.

ಅಕ್ಷರಗಳಲ್ಲಿ ಏನು ಬರೆಯಲಿ?
ಜೈಲಿನಿಂದ ಬಂದ ಮೇಲೆ ದುರುಗಮ್ಮನ ಹತ್ತಿರ ಹೂ ಕೊಂಡೆ.
ಮೊಳದ ಮೇಲೆ ಗೇಣು ಹೆಚ್ಚೇ ಕೊಟ್ಟಳು,
ನಾನು ಕೊಟ್ಟ ಚಿಲ್ಲರೆಯನ್ನು ಮಾತ್ರ ಎರಡು ಸಲ ಎಣಿಸಿದಳು.
ಎಣಿಸುವಾಗ ನನ್ನ ಮುಖ ನೋಡಲಿಲ್ಲ.
ಅದಕ್ಕೆ ಎಷ್ಟು ಹಾಕಲಿ?
ನಸುಕಿನ ನಮಾಜಿಗೆ ಹೊರಟ ಅಣ್ಣ
ಅಂಗಳದಲ್ಲಿ ಯಾರಿಗೋ ನನ್ನ ಹೆಸರು ಹೇಳದೆ
"ಆಕಿ" ಅಂದದ್ದಕ್ಕೆ?
ಕಲಮಿನಲ್ಲಿ ಇರುವ ಜಾಗ ಎರಡೂವರೆ ಇಂಚು.

ಹೆಚ್ಚುವರಿ ಹಾಳೆ ಕೇಳಿದೆ. ಬರೆದೆ.
ಹುಡುಗ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಒತ್ತಿದ.
ಚಕ್ರ ತಿರುಗಿತು. ತಿರುಗಿತು. ಕರೆಂಟು ಮಿಣುಕಿತು.
ಮತ್ತೆ ಒತ್ತಿದ.
ಎರಡು ಸ್ವೀಕೃತಿ ಬಂದವು,
ಒಂದೇ ಹೆಸರು, ಎರಡು ನಂಬರು.
"ಡಬಲ್ ಆತಲ್ಲಮ್ಮ. ನೀವ ಎರಡ ಸಲ ಹಾಕೀರಿ ಅಂತ ತೋರಸಾಕತ್ತೈತಿ."

ಚೀಲದಿಂದ ನೋಟುಪುಸ್ತಕ ತೆಗೆದೆ.
ಮೊನ್ನೆ ತಾನೇ ವಾಪಸು ಕೊಟ್ಟಿದ್ದರು,
ಇಲಿ ಕಡಿದ ಅಂಚು, ರಟ್ಟಿನ ಮೇಲೆ ಅರಗಿನ ಕಲೆ.
ಕೊನೆಯ ಖಾಲಿ ಹಾಳೆಯಲ್ಲಿ ಇವತ್ತಿನ ತಾರೀಖು ಹಾಕಿ,
ವೇಳೆ ಹಾಕಿ,
ಒಂದೇ ಒಂದು ಗೀಟು ಎಳೆದು
ಅವನ ಮುಂದೆ ಸರಿಸಿದೆ:
"ಸಹಿ ಮಾಡಪ್ಪಾ."